ಸಾವಿರಕ್ಕೆ ಹದಿಮೂರು

ಕರಾರುವಾಕ್ಕಣ್ಣ ಎಂಬ ಹೆಸರಿನಲ್ಲಿ ಗೌರವವೆಷ್ಟು, ಗೇಲಿಯೆಷ್ಟು ಎಂದು ಆ ಬೀದಿಯಲ್ಲಿ ಯಾರೂ ಅಳೆದು ನೋಡಿದವರಿಲ್ಲ. ಬಾಯಿ ತೆರೆದರೆ ‘ಕರಾರುವಾಕ್ಕಾಗಿ’ ಎನ್ನುವುದು ಅವನ ಚಾಳಿ. ಕರಾರುವಾಕ್ಕಾಗಿ ಐದು ನಿಮಿಷದಲ್ಲಿ ಬರ್ತೀನಿ ಎಂದು ಅಂಗಡಿಗೆ ಹೊರಟವನು ಎರಡು ಗಂಟೆ ಬಿಟ್ಟು ಬರುತ್ತಿದ್ದ. ತರುತ್ತಿದ್ದದ್ದು ಸಕ್ಕರೆಯ ಬದಲು ಉಪ್ಪು. ಹೆಂಡತಿಯ ಚಿಕ್ಕಪ್ಪನ ಮಗಳ ಮದುವೆಗೆ ಒಂದು ದಿನ ಮೊದಲೇ ಹೋಗಿ, ಖಾಲಿ ಕುರ್ಚಿಗಳ ನಡುವೆ ಒಬ್ಬನೇ ಕೂತು, ಜನ ಬರಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡಿ ಎಂದು ಹುಡುಗಿಯ ಅಪ್ಪನಿಗೆ ಫೋನಿನಲ್ಲಿ ಸಮಾಧಾನ ಹೇಳಿದ ಮಹಾನುಭಾವ ಅವನೇ.

ಆದರೆ ಮನೆಯ ಪಕ್ಕದ ತಗಡಿನ ಶೆಡ್ಡಿಗೆ ಕಾಲಿಟ್ಟರೆ ಆಳೇ ಬೇರೆ. ಅಲ್ಲಿ ಅವನದು ಅಲ್ಯೂಮಿನಿಯಂ ಎರಕದ ಕೆಲಸ. ಮೊದಲು ಮರದಲ್ಲಿ ವಸ್ತುವಿನ ಅಚ್ಚು ಕೆತ್ತುವುದು, ಅದನ್ನು ಒದ್ದೆ ಮರಳಿನಲ್ಲಿ ಒತ್ತಿ ತೆಗೆಯುವುದು, ಉಳಿದ ಗುಳಿಗೆ ಕರಗಿದ ಲೋಹ ಹೊಯ್ಯುವುದು. ಗೇಟಿನ ಹಿಡಿ, ಹೊಲಿಗೆ ಯಂತ್ರದ ಚಕ್ರ ಎಂದು ಹೊಟ್ಟೆ ಹೊರೆಯುತ್ತಿದ್ದವನನ್ನು ಕೆಲವು ವರ್ಷಗಳಿಂದ ಒಂದು ವಿಚಿತ್ರ ಜಾತಿಯ ಜನ ಹುಡುಕಿಕೊಂಡು ಬರತೊಡಗಿದ್ದರು. ಹಳೆಯ ಡ್ರ್ಯಾಗ್ ರೇಸ್ ಕಾರುಗಳ ಹುಚ್ಚು ಹಿಡಿದವರು. ಈ ಕಾರುಗಳಿಗೆ ತಿರುವು ಗೊತ್ತಿಲ್ಲ. ನೇರ ರಸ್ತೆಯಲ್ಲಿ ನಾನೂರು ಮೀಟರ್ ಜೀವ ಬಿಟ್ಟು ಓಡುವುದು, ನಿಲ್ಲುವುದು, ಅಷ್ಟೇ ಅವುಗಳ ಜನ್ಮ. ಅವುಗಳ ಬಿಡಿಭಾಗ ಮಾಡುತ್ತಿದ್ದ ಕಾರ್ಖಾನೆಗಳು ಮುಚ್ಚಿ ಕಾಲವಾಯಿತು. ಹಾಗಾಗಿ ಒಡೆದ ಮುಚ್ಚಳ, ಸೀಳಿದ ಪೈಪು ಹಿಡಿದು ಅವರು ಕರಾರುವಾಕ್ಕಣ್ಣನ ಶೆಡ್ಡಿಗೆ ಬರುತ್ತಿದ್ದರು, ಮೂಲದ ತದ್ರೂಪು ಒಯ್ಯುತ್ತಿದ್ದರು.

ಶೆಡ್ಡಿನ ಬಾಗಿಲಲ್ಲಿ ಎರಡು ಮೊಳೆ, ಎರಡು ಉಕ್ಕಿನ ಅಳತೆಪಟ್ಟಿ. ಎರಡೂ ಒಂದೊಂದು ಮೀಟರಿನವು, ನೋಡಲು ಅವಳಿ ಜವಳಿ. ಅವುಗಳಲ್ಲಿ ಒಂದು ಎಲ್ಲರ ಮನೆಯಲ್ಲೂ ಇರುವಂಥ ಸಾಮಾನ್ಯ ಪಟ್ಟಿ. ಇನ್ನೊಂದು ಅವನ ಅಪ್ಪನ ಕಾಲದ ಎರಕದ ಪಟ್ಟಿ. ಕರಗಿದ ಅಲ್ಯೂಮಿನಿಯಂ ತಣ್ಣಗಾಗುವಾಗ ಚೂರು ಕುಗ್ಗುತ್ತದೆ. ಆದ್ದರಿಂದ ಅಚ್ಚನ್ನು ಚೂರು ದೊಡ್ಡದಾಗಿ ಕೆತ್ತಬೇಕು. ಆ ಚೂರನ್ನು ಪ್ರತಿಸಲ ಲೆಕ್ಕ ಹಾಕುವ ತಲೆನೋವು ಬೇಡವೆಂದು ಎರಕದ ಪಟ್ಟಿಯ ಒಂದೊಂದು ಗೆರೆಯನ್ನೂ ಆ ಚೂರು ಸೇರಿಸಿಯೇ ಕೊರೆದಿರುತ್ತಾರೆ. ಇದರ ಒಂದು ಮೀಟರ್ ಎಂದರೆ ಲೋಕದ ಒಂದು ಮೀಟರಿಗಿಂತ ಕಿರುಬೆರಳಿನ ಅಗಲದಷ್ಟು ಉದ್ದ. ಅದರ ಮೇಲೆ ಕೊರೆದಿದ್ದ ಅಕ್ಷರಗಳು ಎರಡು ತಲೆಮಾರಿನ ಕೈಗಳಲ್ಲಿ ಸವೆದು ಹೋಗಿದ್ದವು. ಗುರುತಿಗೆ ಇದ್ದದ್ದು ತುದಿಯ ತೂತಿಗೆ ಕಟ್ಟಿದ್ದ ಒಂದು ಕೆಂಪು ದಾರ. ಈ ಕಥೆಯ ಸಕಲ ಅನಾಹುತವೂ ಆ ದಾರದ ಕೊನೆಯಲ್ಲಿ ನೇತಾಡುತ್ತಿದೆ.

ಭಾನುವಾರ ಬೆಳಿಗ್ಗೆ ಶೆಡ್ಡಿನ ಮುಂದೆ ಒಂದು ಕಾರು ನಿಂತು ಟೀಚರ್ ಇಳಿದರು. ಕರಾರುವಾಕ್ಕಣ್ಣ ಕೂತಿದ್ದ ಸ್ಟೂಲಿನಿಂದ ಸ್ಪ್ರಿಂಗಿನಂತೆ ಎದ್ದು ನಿಂತ. ಅವನಿಗೀಗ ಐವತ್ತೆರಡು, ಅವರಿಗೆ ಎಪ್ಪತ್ತನಾಲ್ಕು, ಆದರೂ ಎದ್ದ. ಆರನೆಯ ತರಗತಿಯಲ್ಲಿ ಅವರು ಲೆಕ್ಕದ ಟೀಚರ್. ಮಗ್ಗಿ ತಪ್ಪಿದವರು ನಿಂತಿರಬೇಕು, ಸರಿ ಹೇಳಿದವರಿಗೆ ‘ಕೂತ್ಕೋ’ ಎಂಬ ಅಪ್ಪಣೆ. ಹದಿಮೂರರ ಮಗ್ಗಿಯಲ್ಲಿ ಏಳರ ಹತ್ತಿರ ಬಂದು ಎಂಬತ್ತೊಂದು ಎಂದು ಹೇಳಿದ ಕರಾರುವಾಕ್ಕಣ್ಣ ಆ ವರ್ಷದ ಲೆಕ್ಕದ ಪಾಠವನ್ನೆಲ್ಲ ನಿಂತೇ ಕೇಳಿದ್ದ. ‘ಕೂತ್ಕೋ’ ಎಂದು ಅವನಿಗೆ ಅವರು ಹೇಳಿದ್ದೇ ಇಲ್ಲ.

ಟೀಚರ್ ಟವೆಲ್ಲಿನ ಗಂಟು ಬಿಚ್ಚಿ ಬೆಂಚಿನ ಮೇಲೆ ಮೂರು ಅಲ್ಯೂಮಿನಿಯಂ ಚೂರು ಇಟ್ಟರು.

“ಇದೇನು ಹೇಳು ನೋಡೋಣ.”

“ಸ್ಕೂಪು, ಟೀಚರ್. ಎಂಜಿನ್ ನೆತ್ತಿ ಮೇಲೆ ಕೂತ್ಕೊಂಡು ಗಾಳಿ ನುಂಗೋದು. ಇದು ಯಾರ ಕಾರಿಂದು?”

“ನಂದು.”

ಟೀಚರ್ ಮಕ್ಕಳ ಕಿವಿ ಹಿಂಡುವ ಕೆಲಸಕ್ಕೆ ಸೇರುವ ಮೊದಲು ಡ್ರ್ಯಾಗ್ ರೇಸಿನಲ್ಲಿ ಕಾರು ಓಡಿಸುತ್ತಿದ್ದರೆಂಬ ಸಂಗತಿ ಹೀಗೆ ಬೀದಿಗೆ ಗೊತ್ತಾಯಿತು. ಬೀದಿ ಎಂದರೆ ಕಾಂಪೌಂಡಿನ ಮೇಲೆ ಗಲ್ಲ ಊರಿ ನೋಡುತ್ತಿದ್ದ ಮೂವರು: ಪಕ್ಕದ ಗಾಜಿನಂಗಡಿಯವನು, ಎದುರಿನ ಅಂಚೆ ಕಚೇರಿಯ ಪೋಸ್ಟ್ ಮೇಡಂ, ಮತ್ತು ಕರಾರುವಾಕ್ಕಣ್ಣನ ಸ್ವಂತ ಹೆಂಡತಿ.

“ಗ್ಯಾರೇಜಿನ ಅಟ್ಟ ಮುರಿದು ಬಿದ್ದು ನಾಲ್ಕು ಚೂರಾಯ್ತು,” ಎಂದರು ಟೀಚರ್. “ನಾಲ್ಕನೇದು ಗುಜರಿಗೆ ಹೋಗ್ಬಿಟ್ಟಿದೆ. ಬರೋ ಭಾನುವಾರ ಹತ್ತು ಗಂಟೆಗೆ ಹಳೇ ವಿಮಾನ ನಿಲ್ದಾಣದ ರನ್‌ವೇ ಮೇಲೆ ಹಳೇ ಕಾರುಗಳ ಓಟ ಇದೆ. ಪ್ರತಿಯೊಂದು ಭಾಗವೂ ಮೂಲದಲ್ಲಿ ಹೇಗಿತ್ತೋ ಹಾಗೇ ಇರಬೇಕು, ತಗಡು ಬಡಿದು ಕೂರಿಸಿದ್ರೆ ಗೇಟಲ್ಲೇ ವಾಪಸ್ ಕಳಿಸ್ತಾರೆ. ಎಪ್ಪತ್ತೈದು ತುಂಬಿದವರು ಓಡಿಸೋ ಹಾಗಿಲ್ಲ ಅಂತ ಬೇರೆ ನಿಯಮ. ಮುಂದಿನ ತಿಂಗಳು ನಂಗೆ ತುಂಬುತ್ತೆ. ಇದೇ ಕೊನೇದು.”

ಅವರು ಮಡಚಿದ ಕಾಗದವೊಂದನ್ನು ಕೊಟ್ಟರು. ಸ್ಕೂಪು ಗಟ್ಟಿಯಾಗಿದ್ದಾಗ ಅವರೇ ಬರೆದಿಟ್ಟಿದ್ದ ನಕ್ಷೆ. ಒಟ್ಟು ಉದ್ದ ಎಪ್ಪತ್ತು ಸೆಂಟಿಮೀಟರ್, ಬುಡದ ಉದ್ದ ನಲವತ್ತು, ಬುಡದ ಸುತ್ತ ಬೋಲ್ಟು ಕೂರುವ ಹತ್ತು ಉಬ್ಬು. ಒಂದೊಂದರ ಜಾಗವೂ ಮುತ್ತಿನಂಥ ಅಂಕಿಗಳಲ್ಲಿತ್ತು.

“ಲೋಹ ಕುಗ್ಗುತ್ತಲ್ಲ, ಅದಕ್ಕೆ ಎಷ್ಟು ಸೇರಿಸ್ತೀಯ?” ಎಂದು ಕೇಳಿದರು.

“ಅದು ನಂಗೆ ಗೊತ್ತಿಲ್ಲ ಟೀಚರ್, ಪಟ್ಟಿಗೆ ಗೊತ್ತು,” ಎಂದು ಕರಾರುವಾಕ್ಕಣ್ಣ ಕೆಂಪು ದಾರದ ಪಟ್ಟಿಯನ್ನು ಹೆಮ್ಮೆಯಿಂದ ತೋರಿಸಿದ.

“ಎಷ್ಟು ಅಂತ ತಿಳ್ಕೊಳ್ದೇ ಇಷ್ಟು ವರ್ಷ ಕೆಲಸ ಮಾಡಿದ್ಯಾ?”

ಕಾಂಪೌಂಡಿನ ಮೇಲಿನ ಮೂರು ಗಲ್ಲಗಳೂ ಕೊಂಚ ಮೇಲೆದ್ದವು. ಇಲ್ಲಿ ಸುಮ್ಮನಿದ್ದಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಕರಾರುವಾಕ್ಕಣ್ಣ ಎದೆಯುಬ್ಬಿಸಿ, “ಟೀಚರ್, ಕರಾರುವಾಕ್ಕಾಗಿ ಮಾಡಿಕೊಡ್ತೀನಿ. ಕೂದಲೆಳೆಯಷ್ಟು ವ್ಯತ್ಯಾಸ ಬಂದ್ರೆ ಈ ಬೀದಿ ಮಧ್ಯೆ ನಿಂತು ಹದಿಮೂರರ ಮಗ್ಗಿ ಹೇಳ್ತೀನಿ!” ಎಂದ.

“ಅದು ನಿನ್ ಕೈಲಾಗಲ್ಲ,” ಎಂದು ಟೀಚರ್ ಕಾರು ಹತ್ತಿದರು.

ಸೋಮವಾರ ಅತ್ತೆ ಬಂದರು. ಹೆಂಡತಿಯ ತಾಯಿ ವರ್ಷಕ್ಕೊಮ್ಮೆ ಒಂದು ವಾರ ಇರಲು ಬರುತ್ತಿದ್ದರು; ಆ ವಾರದಲ್ಲಿ ಮನೆಯ ಯಾವ ವಸ್ತುವೂ ಕೊಳೆಯಾಗಿ ಬದುಕುವಂತಿರಲಿಲ್ಲ. ಅಡುಗೆಮನೆ ಮುಗಿಸಿ, ಹಜಾರ ಮುಗಿಸಿ, ಮಧ್ಯಾಹ್ನದ ಹೊತ್ತಿಗೆ ಅವರು ಶೆಡ್ಡಿನ ಬಾಗಿಲಿಗೆ ಬಂದರು. ಅಳಿಯ ಮರ ತರಲು ಹೋಗಿದ್ದ. ಎರಡೂ ಪಟ್ಟಿಗಳನ್ನು ಮೊಳೆಯಿಂದ ಇಳಿಸಿ, ಎಣ್ಣೆ ಜಿಡ್ಡಿನ ದಾರವನ್ನು ಎರಡು ಬೆರಳಲ್ಲಿ ಎತ್ತಿ ಕಸಕ್ಕೆಸೆದು, ಪಟ್ಟಿಗಳನ್ನು ಬೆಳ್ಳಿಯಂತೆ ಹೊಳೆಯುವ ತನಕ ಉಜ್ಜಿದರು. ಕೆಂಪು ದಾರ ಯಾಕಿದೆಯೋ ಏನೋ, ಅಳಿಯಂದಿರಿಗೆ ಬೇಕಾದೀತು ಎಂಬ ಸದ್ಬುದ್ಧಿಯಿಂದ ತಮ್ಮ ಹೊಲಿಗೆ ಡಬ್ಬದಿಂದ ಹೊಸ ಕೆಂಪು ದಾರ ತೆಗೆದು ಒಂದಕ್ಕೆ ಕಟ್ಟಿ ತೂಗುಹಾಕಿದರು. ಕಟ್ಟಿದ್ದು ಸಾಮಾನ್ಯ ಪಟ್ಟಿಗೆ.

ಕಾಲು ಗಂಟೆಯಲ್ಲಿ ಗಾಜಿನಂಗಡಿಯವನು ಬಂದ. ಅವನ ಪಟ್ಟಿ ಹಿಂದಿನ ದಿನ ಸ್ಕೂಟರಿನ ಚಕ್ರಕ್ಕೆ ಸಿಕ್ಕಿ ಬಿಲ್ಲಿನಂತೆ ಬಾಗಿತ್ತು.

“ಅಣ್ಣಾ, ಒಂದು ವಾರ ಪಟ್ಟಿ ಕೊಡು. ಪೋಸ್ಟ್ ಆಫೀಸಿಂದು ಹನ್ನೆರಡು ಕಿಟಕಿ ಗಾಜು ಕತ್ತರಿಸಬೇಕು. ಮೇಲಿನ ಆಫೀಸಿಂದ ಅಳತೆ ಕಾಗದದಲ್ಲಿ ಬಂದಿದೆ.”

ಮರ ಹೊತ್ತು ಆಗಷ್ಟೇ ಬಂದಿದ್ದ ಕರಾರುವಾಕ್ಕಣ್ಣ, “ದಾರ ಇಲ್ಲದ್ದು ತಗೊಂಡ್ಹೋಗು, ದಾರ ಇರೋದನ್ನ ಮಾತ್ರ ಮುಟ್ಟಬೇಡ. ಅದು ನನ್ನ ಪ್ರಾಣ,” ಎಂದ.

ಹೀಗೆ ಅವನ ಪ್ರಾಣ ಗಾಜಿನಂಗಡಿಗೆ ಹೋಯಿತು.

ಮಂಗಳವಾರ ಅಚ್ಚು ಕೆತ್ತಿ, ಎರಕ ಹೊಯ್ದು, ಬುಧವಾರ ಬೆಳಿಗ್ಗೆ ಮರಳು ಒಡೆದಾಗ ಹೊರಬಂದ ಸ್ಕೂಪನ್ನು ನೋಡಿ ಹೆಂಡತಿ ಕೂಡ, “ಕಪ್ಪೆ ಬಾಯಿ ತೆರೆದ ಹಾಗಿದೆ, ಆದ್ರೂ ಚೆನ್ನಾಗಿದೆ ಕಣ್ರೀ,” ಎಂದಳು. ಬೀದಿಯಲ್ಲಿ ಅದಕ್ಕೆ ಕಪ್ಪೆಬಾಯಿ ಎಂದೇ ಹೆಸರಾಯಿತು. ಕರಾರುವಾಕ್ಕಣ್ಣ ಅದನ್ನು ಎದೆಗವಚಿಕೊಂಡು ಟೀಚರ ಗ್ಯಾರೇಜಿಗೆ ಹೋದ. ಅಲ್ಲಿ ಮಾಸಲು ನೀಲಿ ಬಣ್ಣದ ಉದ್ದ ಮೂತಿಯ ಕಾರು ನಿಂತಿತ್ತು. ಮುಂದಿನ ಚಕ್ರ ಸೈಕಲ್ಲಿನಷ್ಟು ತೆಳು, ಹಿಂದಿನದು ರೋಡ್ ರೋಲರಿನಷ್ಟು ದಪ್ಪ. ಸ್ಕೂಪನ್ನು ಎಂಜಿನ್ನಿನ ಮೇಲಿಟ್ಟು ಬೋಲ್ಟು ಹಾಕತೊಡಗಿದ. ಮೊದಲನೆಯದು ಸರಾಗವಾಗಿ ಇಳಿಯಿತು. ಎರಡನೆಯದು ಗೊಣಗುತ್ತ ಇಳಿಯಿತು. ಐದನೆಯದು ಇಳಿಯಲೇ ಇಲ್ಲ.

ಟೀಚರ್ ಕನ್ನಡಕ ಸರಿಮಾಡಿ ಬಗ್ಗಿ ನೋಡಿದರು. “ಬುಡ ಐದು ಮಿಲಿಮೀಟರ್ ಗಿಡ್ಡ.”

“ಸಾಧ್ಯವೇ ಇಲ್ಲ ಟೀಚರ್. ಇದು ಲೋಹದ ದೋಷ. ಜಾಸ್ತಿ ಕುಗ್ಗಿದೆ.”

“ಆರನೇ ಕ್ಲಾಸಲ್ಲಿ ಸೀಮೆಸುಣ್ಣದ ದೋಷ ಅಂದಿದ್ದೆ.”

ಕರಾರುವಾಕ್ಕಣ್ಣ ಅಲ್ಲಿಂದ ನೇರ ಗುಜರಿ ಅಂಗಡಿಗೆ ನುಗ್ಗಿದ. “ನೀನು ಕೊಟ್ಟಿದ್ದು ಎಂಥಾ ಅಲ್ಯೂಮಿನಿಯಂ? ಬಾಯಿ ಬಿಡು!”

“ಎರಡು ಸ್ಕೂಟರ್ ಎಂಜಿನ್ನು, ಮೂರು ಫ್ಯಾನು, ಆಸ್ಪತ್ರೆ ಮಂಚದ ಎರಡು ಕಾಲು,” ಎಂದ ಗುಜರಿಯವನು ಗಾಬರಿಯಾಗಿ.

“ಮಂಚದ ಕಾಲು! ರೋಗಿಗಳ ಸಹವಾಸ ಮಾಡಿದ ಲೋಹ ಕುಗ್ಗದೇ ಇನ್ನೇನು ಮಾಡುತ್ತೆ?”

ಗುಜರಿಯವನು ಇಂಥ ಮಾತನ್ನು ಮೂವತ್ತು ವರ್ಷದಲ್ಲಿ ಕೇಳಿರಲಿಲ್ಲ. ಹೆದರಿ ಒಳಗಿನಿಂದ ಶುದ್ಧ ಆರೋಗ್ಯವಂತ ಎಂಜಿನ್ನುಗಳನ್ನೇ ಆರಿಸಿ ಕೊಟ್ಟ. ಗುರುವಾರ ಬೆಳಿಗ್ಗೆ ಎರಡನೆಯ ಕಪ್ಪೆಬಾಯಿ ಹುಟ್ಟಿತು. ಅದೂ ಕೂದಲೆಳೆ ತಪ್ಪದೆ ಐದು ಮಿಲಿಮೀಟರ್ ಗಿಡ್ಡ.

ಅದೇ ಗುರುವಾರ ಮಧ್ಯಾಹ್ನ ಗಾಜಿನಂಗಡಿಯವನು ಹನ್ನೆರಡು ಗಾಜುಗಳನ್ನು ಗಾಡಿಯಲ್ಲಿ ಅಂಚೆ ಕಚೇರಿಗೆ ಒಯ್ದ. ಕಾಗದದಲ್ಲಿ ಇದ್ದದ್ದು ತೊಂಬತ್ತು ಸೆಂಟಿಮೀಟರ್, ಅವನು ಕತ್ತರಿಸಿದ್ದೂ ತೊಂಬತ್ತು. ಒಂದೂ ಚೌಕಟ್ಟಿಗೆ ಕೂರಲಿಲ್ಲ. ಅನುಮಾನ ಬಂದು ಅದೇ ಪಟ್ಟಿಯಿಂದ ಕಿಟಕಿಯನ್ನೇ ಅಳೆದ. ಎಂಬತ್ತೊಂಬತ್ತೂ ತುಂಬಲಿಲ್ಲ.

“ಮೇಡಂ, ನಿಮ್ಮ ಕಿಟಕಿ ಕುಗ್ಗಿದೆ,” ಎಂದ.

“ಕಿಟಕಿ ಕುಗ್ಗೋಕೆ ಅದೇನು ಸ್ವೆಟರಾ?” ಎಂದರು ಪೋಸ್ಟ್ ಮೇಡಂ.

ಬೇಜಾರಿನಿಂದ ಬೀದಿಗಿಳಿದವನಿಗೆ ಎದುರಾದದ್ದು ಗಿಡ್ಡ ಸ್ಕೂಪನ್ನು ಕಂಕುಳಲ್ಲಿ ಇಟ್ಟುಕೊಂಡಿದ್ದ ಕರಾರುವಾಕ್ಕಣ್ಣ.

“ಅಣ್ಣಾ, ಕಿಟಕಿಗಳೆಲ್ಲ ಕುಗ್ಗಿವೆ.”

ಕರಾರುವಾಕ್ಕಣ್ಣ ಅವನ ಹೆಗಲ ಮೇಲೆ ಕೈಯಿಟ್ಟ. “ನನ್ನ ಲೋಹವೂ ಕುಗ್ತಾ ಇದೆ ತಮ್ಮಾ. ಇಬ್ಬರಿಗೂ ಒಟ್ಟಿಗೇ ಆಗಿದೆ ಅಂದ್ರೆ ಇದು ನಮ್ಮ ತಪ್ಪಲ್ಲ.”

ಇಬ್ಬರೂ ನಿಟ್ಟುಸಿರು ಬಿಟ್ಟರು. ಇದನ್ನು ಕಿಟಕಿಯಿಂದ ಕೇಳಿಸಿಕೊಂಡ ಪೋಸ್ಟ್ ಮೇಡಂ ಸಂಜೆಯೊಳಗೆ ಕಾಗದಗಳ ಜೊತೆಗೆ ಸುದ್ದಿಯನ್ನೂ ಹಂಚಿದರು: ಬೀದಿ ಕುಗ್ಗುತ್ತಿದೆ. ಸುದ್ದಿಗೆ ಸಾಕ್ಷಿಗಳು ತಾವಾಗಿಯೇ ಹುಟ್ಟಿಕೊಂಡವು. ಮೂಲೆಮನೆಯ ನಿವೃತ್ತ ಮ್ಯಾನೇಜರಿಗೆ ಹಳೆಯ ಪ್ಯಾಂಟು ಬಿಗಿಯಾಗಿತ್ತು. ಬೇಕರಿಯವನು ತನ್ನ ಬನ್ನು ಚಿಕ್ಕದಾಗಿರುವುದಕ್ಕೂ ಇದೇ ಕಾರಣವೆಂದು ಗಿರಾಕಿಗಳಿಗೆ ವಿವರಿಸಿದ. ಯಾವ ಬಿಸಿಯಿಂದ ನೆಲ ಒಣಗಿ ಕುಗ್ಗುತ್ತಿರಬಹುದು ಎಂಬ ಚರ್ಚೆ ಹುಟ್ಟಿದಾಗ ಎಲ್ಲರ ಕಣ್ಣೂ ಕರಾರುವಾಕ್ಕಣ್ಣನ ಕುಲುಮೆಯ ಹೊಗೆಕೊಳವೆಯ ಕಡೆಗೆ ತಿರುಗಿತು.

ಶುಕ್ರವಾರ ಪುರಸಭೆಯ ಎಂಜಿನಿಯರ್ ಬಂದರು. ಕೈಯಲ್ಲಿ ಕಡತ, ಜೇಬಿನಲ್ಲಿ ಟೇಪು. ಟೇಪನ್ನು ಹೊರಗೆಳೆದರು, ಅದರ ಸ್ಪ್ರಿಂಗು ಸತ್ತಿದ್ದರಿಂದ ಪೂರ್ತಿ ಹೊರಬಂದು ಅವರ ಬೂಟಿಗೆ ಸುತ್ತಿಕೊಂಡಿತು.

“ಯಾರ ಹತ್ರ ಆದ್ರೂ ಒಳ್ಳೇ ಪಟ್ಟಿ ಇದೆಯೇನ್ರೀ?”

“ಇಲ್ಲಿದೆ ಸಾರ್!” ಎಂದು ಗಾಜಿನಂಗಡಿಯವನು ಓಡಿ ಬಂದ. “ಕರಾರುವಾಕ್ಕಣ್ಣಂದು. ಇದಕ್ಕಿಂತ ಒಳ್ಳೇದು ಊರಲ್ಲಿಲ್ಲ.”

ಎಂಜಿನಿಯರ್ ಹನ್ನೆರಡು ಕಿಟಕಿ, ಎರಡು ಬಾಗಿಲು ಅಳೆದರು. ಕಡತದಲ್ಲಿ ತೊಂಬತ್ತು ಎಂದಿದ್ದಲ್ಲೆಲ್ಲ ಎಂಬತ್ತೊಂಬತ್ತಕ್ಕಿಂತ ಒಂದೆರಡು ಗೆರೆ ಕಡಿಮೆ. ಅವರ ಮುಖ ಗಂಭೀರವಾಯಿತು.

“ಕಟ್ಟಡ ಎಲ್ಲಾ ಕಡೆ ಒಂದೇ ಸಮ ಕುಗ್ಗಿದೆ. ನನ್ನ ಸರ್ವೀಸಲ್ಲಿ ಇಷ್ಟು ಶಿಸ್ತಾಗಿ ಕುಗ್ಗಿದ ಕಟ್ಟಡ ನೋಡಿಲ್ಲ.”

ಅಲ್ಲೇ ವರದಿ ಬರೆದು, ವರದಿಯನ್ನು ಮೇಲಿನ ಕಚೇರಿಗೆ ರವಾನಿಸಿ, ಅಂಚೆ ಕಚೇರಿಗೆ ಬೀಗ ಜಡಿಸಿ, ಕುಲುಮೆಗೆ ಬೆಂಕಿ ಹಾಕಕೂಡದೆಂದು ಶೆಡ್ಡಿನ ಬಾಗಿಲಿಗೆ ನೋಟೀಸು ಅಂಟಿಸಿದರು. ಅಳತೆಗೆ ಬಳಸಿದ ಸಾಧನವನ್ನು ಸಾಕ್ಷಿಯಾಗಿ ಕಾಪಾಡಬೇಕೆಂದು ನಿಯಮವಿತ್ತು. ಬೀಗ ಬೀಳುವ ಮೊದಲೇ ಪಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ, ಅರಗಿನ ಮುದ್ರೆ ಒತ್ತಿ, ಅಂಚೆ ಕಚೇರಿಯ ಕಪಾಟಿನಲ್ಲಿಟ್ಟಿದ್ದರು.

“ಸಾರ್, ಭಾನುವಾರ ಹತ್ತು ಗಂಟೆಗೆ ನನ್ನ ಕೆಲಸ ಮುಗೀಬೇಕು!” ಎಂದ ಕರಾರುವಾಕ್ಕಣ್ಣ.

“ಸೋಮವಾರ ಸಮಿತಿ ಕೂರುತ್ತೆ. ಆಮೇಲೆ ನೋಡೋಣ.”

ಆ ಸಂಜೆ ಮನೆಯವರೆಲ್ಲ ಊಟಕ್ಕೆ ಕೂತರು. “ಟೀಚರಿಗೆ ಹೋಗಿ ಆಗಲ್ಲ ಅಂತ ಹೇಳಿಬಿಡ್ರೀ. ಪಾಪ, ಕಾದುಕೊಂಡು ಕೂತಿರ್ತಾರೆ,” ಎಂದಳು ಹೆಂಡತಿ.

“ಆಗಲ್ಲ ಅಂತ ಹೇಳೋಕೆ ಹೋಗಲ್ಲ. ಎಲ್ಲಿ ತಪ್ಪಿದೆ ಅಂತ ಕೇಳೋಕೆ ಹೋಗ್ತೀನಿ. ಅವರ ಕೊನೇ ಓಟ ನನ್ನಿಂದ ನಿಲ್ಲಬಾರದು,” ಎಂದ ಕರಾರುವಾಕ್ಕಣ್ಣ. ಅವನ ದನಿಯಲ್ಲಿ ಎಂದಿನ ಜಂಭ ಇರಲಿಲ್ಲ. ಹೆಂಡತಿ ತಟ್ಟೆಗೆ ಇನ್ನೊಂದು ಸೌಟು ಬಡಿಸಿದಳು.

ಶನಿವಾರ ಬೆಳಿಗ್ಗೆ ಏಳಕ್ಕೆ ಅವನು ಎರಡೂ ಗಿಡ್ಡ ಸ್ಕೂಪುಗಳನ್ನು ಹೊತ್ತು ಟೀಚರ ಬಾಗಿಲಲ್ಲಿ ನಿಂತಿದ್ದ. ನಡೆದದ್ದೆಲ್ಲ ಹೇಳಿದ: ಲೋಹ, ಮಂಚದ ಕಾಲು, ಕಿಟಕಿ, ನೋಟೀಸು. ಕೊನೆಗೆ ಕೈಕಟ್ಟಿ, “ಮಾತು ಕೊಟ್ಟಿದ್ದೆ ಟೀಚರ್. ಮಗ್ಗಿ ಹೇಳೋಕೆ ಬಂದಿದ್ದೀನಿ,” ಎಂದ.

“ಮಗ್ಗಿ ಆಮೇಲೆ. ಬುಡ ನಾನೂರು ಮಿಲಿಮೀಟರಲ್ಲಿ ಎಷ್ಟು ಗಿಡ್ಡ? ಕರಾರುವಾಕ್ಕಾಗಿ ಹೇಳು.”

“ಐದು... ಐದಕ್ಕಿಂತ ಒಂದು ಕೂದಲು ಜಾಸ್ತಿ.”

“ಎರಡರಲ್ಲೂ?”

“ಎರಡರಲ್ಲೂ.”

“ಆ ಗಾಜು ಒಂಬೈನೂರರಲ್ಲಿ ಎಷ್ಟು ಹೆಚ್ಚಾಯ್ತಂತೆ?”

“ಹನ್ನೆರಡಕ್ಕೆ ಒಂಚೂರು ಕಮ್ಮಿ.”

ಟೀಚರ್ ಕಣ್ಣು ಮುಚ್ಚಿದರು. ತುಟಿ ಅಲ್ಲಾಡಿತು. ಕಣ್ಣು ತೆರೆದಾಗ ಅವರ ಮುಖದಲ್ಲಿ, ಕಳ್ಳ ಸಿಕ್ಕಿದ ಪೊಲೀಸರಿಗೂ ಬಾರದ ಸಂತೋಷವಿತ್ತು.

“ಎರಡೂ ಸಾವಿರಕ್ಕೆ ಹದಿಮೂರು. ಒಂದೇ ತಪ್ಪು ಕಣೋ, ಎರಡು ಕಡೆ ಕೂತಿದೆ. ನಡಿ.”

ಟೀಚರ್ ಗೋಡೆಯಿಂದ ಶಾಲೆಯ ಕಾಲದ ಮರದ ಅಳತೆಕೋಲನ್ನು ಇಳಿಸಿಕೊಂಡು ಕಾರು ಹತ್ತಿದರು. ಆ ಕೋಲು ಕಂಡೊಡನೆ ಕರಾರುವಾಕ್ಕಣ್ಣನ ಅಂಗೈ ತಂತಾನೇ ಬೆನ್ನ ಹಿಂದೆ ಹೋಯಿತು. ಬೀದಿಗೆ ಬಂದವರೇ ಟೀಚರ್ ಶೆಡ್ಡಿನ ಮೊಳೆಯಲ್ಲಿದ್ದ ಕೆಂಪು ದಾರದ ಪಟ್ಟಿಯನ್ನು ತೆಗೆದು ಕೋಲಿನ ಪಕ್ಕ ಹಿಡಿದರು. ಎರಡೂ ಒಂದೇ ಸಮ.

“ಇದು ನಿನ್ನ ಪ್ರಾಣ ಅಲ್ಲ. ಎಲ್ಲರ ಮನೆ ಪಟ್ಟಿ.”

ಕರಾರುವಾಕ್ಕಣ್ಣ ದಾರವನ್ನು ಮುಟ್ಟಿ ನೋಡಿದ. ಹೊಸ ದಾರ, ನೀಟಾದ ಹೂಗಂಟು. ಅಂಥ ಗಂಟು ಆ ಮನೆಯಲ್ಲಿ ಹಾಕುವವರು ಒಬ್ಬರೇ.

“ಅತ್ತೆ!”

ಅತ್ತೆ ಸೆರಗಿಗೆ ಕೈ ಒರೆಸುತ್ತ ಬಂದರು. “ಹೌದು ಅಳಿಯಂದಿರೇ, ನಾನೇ ಕಟ್ಟಿದ್ದು. ಹಳೇದು ಬಾಳ ಕೊಳಕಾಗಿತ್ತು.”

“ಇದಕ್ಕೇ ಯಾಕೆ ಕಟ್ಟಿದ್ರಿ? ಎರಡಿತ್ತಲ್ಲ!”

“ಉಜ್ಜುವಾಗ ನೋಡಿದೆ, ಒಂದು ಚೂರು ಗಿಡ್ಡ ಇತ್ತು. ಪಾಪ, ಅದಕ್ಕಾದ್ರೂ ಒಂದು ದಾರ ಇರಲಿ ಅಂತ ಕಟ್ಟಿದೆ.”

ಕುಲುಮೆ, ಲೋಹ, ಗುಜರಿ, ಪುರಸಭೆ, ಇಷ್ಟು ಜನ ಒಂದು ವಾರ ಕಾಣದ ವ್ಯತ್ಯಾಸವನ್ನು ಅತ್ತೆ ಪಟ್ಟಿ ಉಜ್ಜುತ್ತ ಕಂಡುಹಿಡಿದಿದ್ದರು. ಕರಾರುವಾಕ್ಕಣ್ಣನಿಗೆ ಕೋಪ ಬಂದರೂ ಮಾಡಿಕೊಳ್ಳಲು ಜಾಗ ಸಿಗಲಿಲ್ಲ.

ಎಂಜಿನಿಯರ್ ಅವರನ್ನು ಮನೆಯಿಂದ ಕರೆಸಲಾಯಿತು. ಟೀಚರ್ ಅವರ ಕಣ್ಣೆದುರಿಗೇ ಅಂಚೆ ಕಚೇರಿಯ ಕಿಟಕಿಗೆ ಮರದ ಕೋಲು ಹಿಡಿದರು. ಸರಿಯಾಗಿ ತೊಂಬತ್ತು. ಸುತ್ತ ನೆರೆದ ಬೀದಿಗೆ ಕೊಂಚ ನಿರಾಶೆಯೇ ಆಯಿತು. ನಿವೃತ್ತ ಮ್ಯಾನೇಜರು ಪ್ಯಾಂಟಿನ ಗುಂಡಿ ಸಡಿಲಿಸಿಕೊಂಡು ಒಳಗೆ ಹೋದರು.

“ನಿಮ್ಮ ವರದಿ ತಪ್ಪು,” ಎಂದರು ಟೀಚರ್.

“ವರದಿ ತಪ್ಪಾಗೋಕೆ ಬರಲ್ಲ ಮೇಡಂ, ಅದು ಮೇಲಿನ ಆಫೀಸಿಗೆ ಹೋಗಿಯಾಗಿದೆ,” ಎಂದು ಎಂಜಿನಿಯರ್ ಬೆವರು ಒರೆಸಿದರು. ಕಡತ ತಿರುವಿದರು, ಆಕಾಶ ನೋಡಿದರು, ಪೆನ್ನಿನ ಮುಚ್ಚಳ ತೆಗೆದರು. “ಒಂದು ಕೆಲಸ ಮಾಡ್ತೀನಿ. ನಿನ್ನೆ ಕುಗ್ಗಿದ್ದ ಕಟ್ಟಡ ಇವತ್ತು ಮೊದಲಿನ ಸ್ಥಿತಿಗೆ ಹಿಗ್ಗಿದೆ, ಕುಲುಮೆಯಿಂದ ಅಪಾಯ ಇಲ್ಲ ಅಂತ ಎರಡನೇ ವರದಿ ಬರೀತೀನಿ. ಎರಡೂ ಸರಿಯಾಗೇ ಇರುತ್ತೆ.”

ನೋಟೀಸು ಕಿತ್ತು ಬಂತು, ಅಂಚೆ ಕಚೇರಿಯ ಬೀಗವೂ ತೆರೆಯಿತು. ಬೀದಿ ಚಪ್ಪಾಳೆ ತಟ್ಟಿತು. ಕರಾರುವಾಕ್ಕಣ್ಣ ಕೈ ಚಾಚಿದ. “ಸಾರ್, ನನ್ನ ಪಟ್ಟಿ?”

“ಅದು ಸೀಲಾಗಿದೆಯಪ್ಪ. ಸೋಮವಾರ ಸಮಿತಿ ಮುಂದೆ ಮಾತ್ರ ಒಡೆಯೋದು.”

“ಸಾರ್, ಆ ಪಟ್ಟಿ ಇಲ್ದೇ ನನಗೆ ಕೈಯೇ ಓಡಲ್ಲ!”

“ನನ್ನ ಕುತ್ತಿಗೆ ಬೇಕಾದ್ರೆ ಕೇಳು, ಸೀಲ್ ಕೇಳಬೇಡ.”

ಗಾಜಿನಂಗಡಿಯವನು ಕಪಾಟು ಒಡೆಯೋಣ ಎಂದ. ಪೋಸ್ಟ್ ಮೇಡಂ ಕಪಾಟಿಗೆ ಬೆನ್ನು ಕೊಟ್ಟು ನಿಂತರು. ಹೆಂಡತಿ ಎಂಜಿನಿಯರಿಗೆ ಕಾಫಿ ಕೊಟ್ಟು ನೋಡಿದಳು. ಅವರು ಕಾಫಿ ಕುಡಿದರು, ಸೀಲಿನ ಮಾತೆತ್ತಲಿಲ್ಲ. ಗಂಟೆ ಹನ್ನೊಂದಾಗಿತ್ತು. ಓಟಕ್ಕೆ ಇಪ್ಪತ್ಮೂರು ಗಂಟೆ.

ಟೀಚರ್ ಸಾಮಾನ್ಯ ಪಟ್ಟಿಯನ್ನು ಅವನ ಕೈಗಿಟ್ಟರು. “ಇದರಲ್ಲೇ ಮಾಡು.”

“ಇದಕ್ಕೆ ಎಷ್ಟು ಸೇರಿಸಬೇಕು ಅಂತ ಗೊತ್ತಿಲ್ಲ ಟೀಚರ್.”

“ಎಷ್ಟು ಅಂತ ಬೆಳಿಗ್ಗೇನೇ ಹೇಳಿದ್ದೆ.”

ಕರಾರುವಾಕ್ಕಣ್ಣ ಪಟ್ಟಿಯನ್ನು ನೋಡಿದ, ಟೀಚರನ್ನು ನೋಡಿದ. ಸಾವಿರಕ್ಕೆ ಹದಿಮೂರು. ಅಂದರೆ ನೂರಕ್ಕೆ ಒಂದು ಪಾಯಿಂಟ್ ಮೂರು, ಇನ್ನೂರಕ್ಕೆ ಎರಡು ಪಾಯಿಂಟ್ ಆರು. ಅಪ್ಪನ ಪಟ್ಟಿ ಇಷ್ಟು ವರ್ಷ ಅವನ ಪರವಾಗಿ ಹೇಳುತ್ತಿದ್ದದ್ದು ಹದಿಮೂರರ ಮಗ್ಗಿಯನ್ನೇ. ಅವನ ಕಿವಿ ಕೆಂಪಾದವು.

ಬೆಂಚನ್ನು ಬೆಳಕಿಗೆಂದು ಶೆಡ್ಡಿನ ಹೊರಗೆ, ಬೀದಿಯಂಚಿಗೆ ಎಳೆದರು. ಹಳೆಯ ಅಚ್ಚನ್ನೇ ಅಲ್ಲಲ್ಲಿ ಸ್ವಲ್ಪ ಸೀಳಿ ತೆಳು ಮರದ ಪಟ್ಟಿ ಸೇರಿಸಿ ಹಿಗ್ಗಿಸಬೇಕು; ಒಂದೊಂದು ಉಬ್ಬಿಗೂ ಒಂದೊಂದು ಲೆಕ್ಕ. ಬೀದಿಯೆಲ್ಲ ಸುತ್ತ ನಿಂತಿತು. ಎಂಜಿನಿಯರ್ ಕೂಡ ಮನೆಗೆ ಹೋಗಲಿಲ್ಲ.

“ಮೊದಲ ಉಬ್ಬು, ನೂರು,” ಎಂದರು ಟೀಚರ್.

“ಹದಿಮೂರೊಂದ್ಲಿ ಹದಿಮೂರು. ಒಂದು ಪಾಯಿಂಟ್ ಮೂರು ಮಿಲಿ.”

“ಇನ್ನೂರು.”

“ಹದಿಮೂರೆರಡ್ಲಿ ಇಪ್ಪತ್ತಾರು. ಎರಡು ಪಾಯಿಂಟ್ ಆರು.”

ಮೂರು ಮೂವತ್ತೊಂಬತ್ತಾಯಿತು. ನಾಲ್ಕು ಐವತ್ತೆರಡಾಯಿತು, ಆ ಐದು ಪಾಯಿಂಟ್ ಎರಡು ಮಿಲಿಮೀಟರ್, ಹಿಂದಿನ ಎರಡೂ ಸ್ಕೂಪುಗಳನ್ನು ಹಾಳುಮಾಡಿದ ಅಂತರವೇ. ಬುಡ ದಾಟಿ ಮುಂದೆ ಚಾಚಿದ ಬಾಯಿಯ ಅಳತೆಗಳಲ್ಲಿ ಐದು ಅರವತ್ತೈದು. ಆರು ಎಪ್ಪತ್ತೆಂಟು ಎನ್ನುವಾಗ ಸ್ವರ ಸಣ್ಣಗಾಯಿತು. ಉಳಿದದ್ದು ಸ್ಕೂಪಿನ ಒಟ್ಟು ಉದ್ದ. ಏಳುನೂರು.

ಕರಾರುವಾಕ್ಕಣ್ಣ ಉಳಿ ಕೆಳಗಿಟ್ಟ. ಎಂಬತ್ತೊಂದು ನಾಲಿಗೆಯ ತುದಿಗೆ ಬಂದು ಕಾಲು ಚಾಚಿ ಕೂತಿತ್ತು. ಗಾಜಿನಂಗಡಿಯವನು ಬೆರಳು ಎಣಿಸತೊಡಗಿದ. ಪೋಸ್ಟ್ ಮೇಡಂ ತುಟಿಯಲ್ಲೇ ಏನೋ ತೋರಿಸಿದರು.

“ಯಾರೂ ಹೇಳಿಕೊಡಬೇಡಿ!” ಎಂದು ಟೀಚರ್ ಕೋಲಿನಿಂದ ಬೆಂಚು ಬಡಿದರು. ಎಂಜಿನಿಯರ್ ಥಟ್ಟನೆ ಕೈಕಟ್ಟಿ ನಿಂತರು.

ಅವನು ಪಟ್ಟಿಯನ್ನು ಹತ್ತಿರಕ್ಕೆಳೆದುಕೊಂಡ. ಎಪ್ಪತ್ತೆಂಟರ ಗೆರೆಯ ಮೇಲೆ ಹೆಬ್ಬೆರಳು ಊರಿದ. ಅಲ್ಲಿಂದ ಪಟ್ಟಿಯ ಮೇಲೆ ಒಂದೊಂದೇ ಗೆರೆ ದಾಟುತ್ತ ಹದಿಮೂರು ಹೆಜ್ಜೆ ನಡೆಸಿ ನಿಲ್ಲಿಸಿದ. ಇಷ್ಟು ಸುಲಭವೇ ಎಂಬಂತೆ ಆ ಗೆರೆಯನ್ನೇ ನೋಡುತ್ತ ಹೇಳಿದ: “ತೊಂಬತ್ತೊಂದು. ಹದಿಮೂರೇಳ್ಲಿ ತೊಂಬತ್ತೊಂದು, ಟೀಚರ್. ಒಂಬತ್ತು ಪಾಯಿಂಟ್ ಒಂದು ಮಿಲಿ.”

ಬೀದಿ ಹೋ ಎಂದು ಕೂಗಿತು. ಟೀಚರ ಮುಖದಲ್ಲಿ ಏನೂ ಕಾಣಲಿಲ್ಲ. “ಕೆಲಸ ನೋಡು,” ಎಂದರು.

ನಾಲ್ಕು ಗಂಟೆಗೆ ಅಚ್ಚು ಮರಳಿನಲ್ಲಿತ್ತು, ಐದೂವರೆಗೆ ಲೋಹ ಗುಳಿಯಲ್ಲಿತ್ತು. ಗುಜರಿಯವನು ತಾನಾಗಿಯೇ ಒಂದು ಬುಟ್ಟಿ ಒಳ್ಳೆಯ ಲೋಹ ತಂದಿದ್ದ. ಭಾನುವಾರ ಬೆಳಗಾಗುತ್ತಲೇ ಮರಳು ಒಡೆದು, ಅಂಚು ಉಜ್ಜಿ, ತೂತು ಕೊರೆದು, ಎಂಟಕ್ಕೆ ಗ್ಯಾರೇಜಿನಲ್ಲಿ ಸ್ಕೂಪನ್ನು ಎಂಜಿನ್ನಿನ ಮೇಲಿಟ್ಟು ಕರಾರುವಾಕ್ಕಣ್ಣ ಬೋಲ್ಟು ಹಾಕತೊಡಗಿದ. ಒಂದು ಇಳಿಯಿತು. ಎರಡು ಇಳಿಯಿತು. ಐದನೆಯದು ಬೆಣ್ಣೆಯಲ್ಲಿ ಚಾಕು ಇಳಿದ ಹಾಗೆ ಇಳಿಯಿತು. ಹತ್ತೂ ಇಳಿದ ಮೇಲೆ ಅವನು ಮತ್ತೊಮ್ಮೆ ಎಣಿಸಿದ, ಹನ್ನೊಂದನೆಯದು ಎಲ್ಲಿ ಎಂದು ಹುಡುಕಿದ.

ಹಳೆಯ ರನ್‌ವೇಯ ಪಕ್ಕ ಬೀದಿಗೆ ಬೀದಿಯೇ ಬಂದು ನಿಂತಿತ್ತು. ಗೇಟಿನ ತಪಾಸಣೆಯವರು ಸ್ಕೂಪನ್ನು ತಟ್ಟಿ, ಸವರಿ, ಹಳೆಯ ಫೋಟೋ ಜೊತೆ ಹೋಲಿಸಿ, “ಇದು ಮೂಲದ್ದೇ ಇರಬೇಕು,” ಎಂದು ಬರೆದುಕೊಂಡರು. ಟೀಚರ್ ಹೆಲ್ಮೆಟ್ ಹಾಕಿಕೊಂಡು ಕೂತರು. ಎಂಜಿನ್ನು ಗುಡುಗಿತು, ಅತ್ತೆ ಕಿವಿ ಮುಚ್ಚಿಕೊಂಡರು. ಹಸಿರು ದೀಪ ಬಂದದ್ದೇ ತಡ, ನೀಲಿ ಕಾರು ಮೂತಿ ಎತ್ತಿ ಹಾರಿತು. ಅದರ ನೆತ್ತಿಯ ಮೇಲೆ ಕಪ್ಪೆಬಾಯಿ ಅಗಲವಾಗಿ ತೆರೆದುಕೊಂಡು ಇಡೀ ಬಯಲಿನ ಗಾಳಿಯನ್ನು ನುಂಗುತ್ತಿತ್ತು. ಕರಾರುವಾಕ್ಕಣ್ಣ ಕಣ್ಣು ಮುಚ್ಚಿಕೊಂಡಿದ್ದರಿಂದ ಇದ್ಯಾವುದನ್ನೂ ನೋಡಲಿಲ್ಲ. ಆಮೇಲೆ ಹೆಂಡತಿ ಹೇಳಿದ್ದನ್ನು ತಾನೇ ನೋಡಿದೆನೆಂದು ಹೇಳಿಕೊಂಡು ತಿರುಗಿದ.

ಓಟ ಮುಗಿಸಿದ ಕಾರು ಮೆಲ್ಲಗೆ ತೆವಳುತ್ತ ವಾಪಸು ಬಂತು. ಟೀಚರ್ ಗೆದ್ದಿರಲಿಲ್ಲ, ಮೂರನೆಯವರಾಗಿದ್ದರು. ಇಳಿದವರು ಹೆಲ್ಮೆಟ್ ತೆಗೆದು, ಚಪ್ಪಟೆಯಾಗಿದ್ದ ಬಿಳಿ ಕೂದಲನ್ನು ಹಿಂದಕ್ಕೆ ತಳ್ಳಿ, ಹತ್ತು ಬೋಲ್ಟುಗಳನ್ನೂ ಒಂದೊಂದಾಗಿ ಮುಟ್ಟಿ ನೋಡಿದರು. ಒಂದೂ ಅಲ್ಲಾಡಿರಲಿಲ್ಲ. ಆಮೇಲೆ ಕೈಕಟ್ಟಿ ನಿಂತಿದ್ದ ಕರಾರುವಾಕ್ಕಣ್ಣನ ಕಡೆ ತಿರುಗಿದರು. ಅವರ ಕಣ್ಣು ಒದ್ದೆಯಾಗಿದ್ದವು, ದನಿ ಮಾತ್ರ ಆರನೆಯ ತರಗತಿಯದೇ.

“ಹದಿಮೂರೆಂಟ್ಲಿ?”

“ನೂರ ನಾಲ್ಕು.”

“ಒಂಬತ್ಲಿ?”

“ನೂರ ಹದಿನೇಳು.”

“ಹತ್ಲಿ?”

“ಕರಾರುವಾಕ್ಕಾಗಿ ನೂರ ಮೂವತ್ತು, ಟೀಚರ್.”

ಟೀಚರ್ ತಲೆಯಾಡಿಸಿದರು.

“ಕೂತ್ಕೋ,” ಎಂದರು.

ಸುತ್ತಮುತ್ತ ಎಲ್ಲೂ ಕುರ್ಚಿ ಇರಲಿಲ್ಲ. ಕರಾರುವಾಕ್ಕಣ್ಣ ಕಾದ ಡಾಂಬರಿನ ಮೇಲೆಯೇ ಕೂತುಬಿಟ್ಟ. ಸುಡುತ್ತೆ ಏಳ್ರೀ ಎಂದು ಹೆಂಡತಿ ಎಷ್ಟು ಕರೆದರೂ ಏಳಲಿಲ್ಲ.